ಅಡಿಕೆ ಸುಲಿಯೋ ಹೆಂಗಸ್ರನ್ನ ಕೆಲಸ ಎಂತ ಅಂತ ಕೇಳಿದ್ರೆ 'ಎಂತದೂ ಇಲ್ಲ' ಅಂತಾರೆ, ಹೆಂಗೆ ಕೇಳದು?

ಸಾಗರದ ಕಡೆಯವಳು:

ಎಲ್ರಿಗೂ ನಮಸ್ಕಾರ. ನಾನು ಬಿಎಸ್ಸಿ ಅಗ್ರಿ ಮುಗಿಸಿ ಈಗ ಹೊರದೇಶದ ಒಂದು ಯೂನಿವರ್ಸಿಟಿಯ ಜೆಂಡರ್ ಅಂಡ್ ಡೆವಲಪ್‌ಮೆಂಟ್ ಕೋರ್ಸನ್ನ ಆನ್‌ಲೈನಲ್ಲಿ ಓದ್ತಾ ಇದೀನಿ. ಅಭಿವೃದ್ಧಿ ಯೋಜನೆ ಮಾಡೋರು ಊರಲ್ಲಿ ಗಂಡಸ್ರು ಎಂತ ಮಾಡ್ತಾರೆ ಹೆಂಗಸ್ರು ಎಂತ ಮಾಡ್ತಾರೆ ಅನ್ನದನ್ನ ಮೊದ್ಲೇ ತಿಳ್ಕೋಬೇಕು, ಇಲ್ದಿದ್ರೆ ಒಳ್ಳೇದು ಮಾಡಕ್ಕೆ ಹೋಗಿ ಕೆಟ್ಟದಾಗುತ್ತೆ ಅನ್ನದು ಕೋರ್ಸಿನ ಮುಖ್ಯ ವಿಷಯ. ಈಗ ಫೀಲ್ಡ್ ಅಸೈನ್‌ಮೆಂಟ್ ಬಂದಿದೆ. ನಿಮ್ಮೂರಿನ ಒಂದು ಬೆಳೆ ತಗೊಂಡು ಮೂರು ಪಟ್ಟಿ ಮಾಡಿ ಅಂದಿದಾರೆ, ಯಾರು ಯಾವ ಕೆಲಸ ಮಾಡ್ತಾರೆ, ಯಾವ ವಸ್ತು ಯಾರು ಬಳಸ್ತಾರೆ ಮತ್ತೆ ಅದರ ಮೇಲೆ ಮಾತು ಯಾರದು ನಡೀತದೆ, ಇದೆಲ್ಲ ಹಿಂಗೇ ಇರಕ್ಕೆ ಕಾರಣ ಎಂತ. ಇದಕ್ಕೆ ಹಾರ್ವರ್ಡ್ ಫ್ರೇಮ್‌ವರ್ಕ್ ಅಂತಾರೆ, 80ರ ದಶಕದ್ದು.

ನಾನು ಅಡಿಕೆನೇ ತಗೊಂಡೆ, ಸುಗ್ಗಿ ಬೇರೆ ನಡೀತಾ ಇದೆ. ಎರಡು ಸಂಜೆ ನಮ್ಮ ಪಕ್ಕದೂರಿಗೆ ಹೋಗಿ ಮನೆ ಮನೆಗೆ ಕೇಳಿದೆ. ಒಂದು ಮನೇಲಿ ಆ ಅಕ್ಕನ ಹತ್ತೂ ಬೆರಳು ಅಡಿಕೆ ಕರೆಯಿಂದ ಕಪ್ಪಾಗಿತ್ತು, ಹೆಬ್ಬೆರಳಿಗೆ ಬಟ್ಟೆ ಸುತ್ಕೊಂಡಿದ್ರು, ಅವರನ್ನ ಅಕ್ಕ ನೀವು ಎಂತ ಕೆಲಸ ಮಾಡ್ತೀರಿ ಅಂದ್ರೆ 'ನಾವೆಂತ ಮಾಡ್ತೀವಿ ಮಾರಾಯ್ತಿ, ಮನೇಲೇ ಇರದು' ಅಂದ್ರು. ಇನ್ನೊಂದು ಮನೇಲಿ ಹೆಂಗಸ್ರನ್ನ ಕೇಳಿದ್ದಕ್ಕೆಲ್ಲ ಗಂಡನೇ ಜಗಲಿ ಮೇಲೆ ಕೂತ್ಕೊಂಡು ಉತ್ತರ ಹೇಳಿದ್ರು, ಅವರು ಬೇಕಂತ ಮಾಡಿದ್ದೂ ಅಲ್ಲ, ಹಂಗೇ ರೂಢಿ. ಕೊನೆಗೆ ನನ್ನ ಪಟ್ಟೀಲಿ ಎಲ್ಲಾ ಮನೆಗೂ ಒಂದೇ ಥರ ಬಂತು, ಗಂಡಸ್ರು ಅಡಿಕೆ, ಹೆಂಗಸ್ರು ಮನೆಕೆಲಸ. ಇದನ್ನ ಹಂಗೇ ಕಳಿಸಿದ್ರೆ ಸುಳ್ಳು ಕಳಿಸಿದಂಗೆ ಆಗುತ್ತೆ ಅಂತ ನಂಗೆ ಗೊತ್ತು, ಯಾಕಂದ್ರೆ ನಮ್ಮಮ್ಮ ರಾತ್ರಿ ಹನ್ನೆರಡರ ತನಕ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತಿದ್ದನ್ನ ನೋಡ್ಕೊಂಡೇ ನಾನು ದೊಡ್ಡೋಳಾಗಿದ್ದು.

ಹೆಂಗೆ ಕೇಳಿದ್ರೆ ಸರಿಯಾದ ಉತ್ತರ ಬರುತ್ತೆ? ಇನ್ನೊಂದು, ನಮ್ಮ ದೊಡ್ಡಪ್ಪನ ಮಗ 'ಇದೆಲ್ಲ ಫಾರಿನ್ನೋರ ತಲೆನೋವು, ನಮ್ಮೂರಿಗೆ ಎಂತಕ್ಕೆ ತರ್ತೀಯ' ಅಂದ, ಅದು ಮನಸ್ಸಲ್ಲೇ ಉಳ್ಕೊಂಡಿದೆ. ನಾನು ಹೊರಗಿನ ಅಳತೆಗೋಲು ತಂದು ನಮ್ಮೋರನ್ನ ಅಳೀತಾ ಇದೀನಾ? ಗೊತ್ತಿರೋರು ಹೇಳಿ.

---

ತೀರ್ಥಹಳ್ಳಿ ಅಕ್ಕ:

ತಂಗೀ, ನಾನು ಸುಮಾರು ಇಪ್ಪತ್ತು ವರ್ಷದಿಂದ ಸ್ವಸಹಾಯ ಸಂಘಗಳ ಜೊತೆ ಓಡಾಡ್ತಾ ಇರೋಳು, ನಿಂಗೆ ಆಗಿದ್ದು ಮೊದಮೊದ್ಲು ನಂಗೂ ಆಗಿತ್ತು. ತಪ್ಪು ಆ ಅಕ್ಕಂದಲ್ಲ, 'ಕೆಲಸ' ಅನ್ನೋ ಮಾತಿಂದು. ನಮ್ಮ ಕಡೆ ಕೆಲಸ ಅಂದ್ರೆ ಕೂಲಿಗೆ ಹೋಗದು ಇಲ್ಲಾ ಆಫೀಸಿಗೆ ಹೋಗದು, ಮನೆ ಅಡಿಕೆ ಸುಲಿಯದು ಕೆಲಸದ ಲೆಕ್ಕಕ್ಕೇ ಬರಲ್ಲ. ಹಂಗಾಗಿ ಆ ಮಾತನ್ನೇ ಬಿಟ್ಟುಬಿಡು.

'ನಿನ್ನೆ' ಅಂತ ಶುರು ಮಾಡು. ನಿನ್ನೆ ಬೆಳಿಗ್ಗೆ ಎದ್ದಾಗ ಇನ್ನೂ ಕತ್ಲಿತ್ತಾ, ಎದ್ದೋರು ಮೊದ್ಲು ಎಲ್ಲಿಗೆ ಹೋದ್ರಿ, ಒಲೆಗಾ ಕೊಟ್ಟಿಗೆಗಾ, ಆಮೇಲೆ ಎಂತ, ಆಮೇಲೆ ಎಂತ, ಹಿಂಗೇ ಕೇಳ್ತಾ ರಾತ್ರಿ ದೀಪ ಆರಿಸೋವರೆಗೂ ಹೋಗು. ಸರ್ಕಾರದೋರು 2019ರಲ್ಲಿ ದೇಶ ಪೂರ್ತಿ ಸಮಯ ಬಳಕೆ ಸಮೀಕ್ಷೆ ಮಾಡ್ದಾಗಲೂ ಹಿಂಗೇ ಕೇಳಿದ್ದು, ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಹಿಡಿದು ಅರ್ಧರ್ಧ ಗಂಟೆ ಲೆಕ್ಕದಲ್ಲಿ 24 ಗಂಟೆ. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸ್ರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಾರೆ, ಮಾಡೋ ಗಂಡಸ್ರು 97 ನಿಮಿಷ ಅಂತ ಬಂತು, ಅದೂ ಅಂಥ ಕೆಲಸಕ್ಕೆ ಕೈ ಹಾಕೋ ಗಂಡಸ್ರೇ ನೂರಕ್ಕೆ 26 ಜನ. ಬರೀ ನಿಮ್ಮ ಕೆಲಸ ಎಂತ ಅಂತ ಕೇಳಿದ್ರೆ ಈ ಲೆಕ್ಕ ಸಿಗ್ತಿರ್ಲಿಲ್ಲ.

ಇನ್ನೊಂದು ಮರೀಬೇಡ, ಹೆಂಗಸ್ರು ಒಂದೇ ಹೊತ್ತಿಗೆ ಎರಡು ಮೂರು ಕೆಲಸ ಮಾಡ್ತಿರ್ತಾರೆ. ಸುಲೀತಾ ಇರ್ತಾರೆ, ಅಡಿಕೆ ಬೇಯ್ತಿರೋ ಹಂಡೆ ಒಲೆ ಕಡೆ ಕಣ್ಣಿರ್ತದೆ, ಮಗುಗೆ ಮಗ್ಗಿ ಬಾಯಿಪಾಠ ಒಪ್ಪಿಸ್ಕೊಳ್ತಿರ್ತಾರೆ. 'ಅದ್ರ ಜೊತೆಗೆ ಇನ್ನೆಂತ ನಡೀತಿತ್ತು' ಅಂತ ಪ್ರತಿ ಸಲ ಕೇಳು. ಸುಗ್ಗಿ ದಿನ ಬೇರೆ, ಮಳೆಗಾಲದ ದಿನ ಬೇರೆ, ಎರಡನ್ನೂ ಕೇಳು. ಮುಯ್ಯಾಳಿನ ಲೆಕ್ಕಾನೂ ಬರ್ಕೋ, ಇವತ್ತು ನಮ್ಮನೇಲಿ ಸುಲಿಯಕ್ಕೆ ಬಂದೋರ ಮನೆಗೆ ನಾಳೆ ನಮ್ಮನೆ ಹೆಂಗಸು ಹೋಗ್ಬೇಕು, ದುಡ್ಡು ಕೈ ಬದಲಾಗಲ್ಲ ಅಂತ ಅದು ಯಾವ ಪುಸ್ತಕದಲ್ಲೂ ಬರಲ್ಲ.

ಮತ್ತೆ ಜಗಲೀಲಿ ಕೇಳಬೇಡ, ಸುಲಿಯೋ ಜಾಗಕ್ಕೇ ಹೋಗು.

---

ಗುಡ್ಡದ ಮೇಷ್ಟ್ರು:

ನಾನು ಶಿವಮೊಗ್ಗದಲ್ಲಿ ಪಾಠ ಮಾಡೋನು, ಸಮಾಜಶಾಸ್ತ್ರ. ನಿಮ್ಮ ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ 'ಇದು ಫಾರಿನ್ನೋರದ್ದು' ಅನ್ನೋ ಮಾತನ್ನ ನನ್ನ ವಿದ್ಯಾರ್ಥಿಗಳೂ ಹೇಳ್ತಾರೆ, ಅದಕ್ಕೆ ಉತ್ತರ ಬೆಂಗಳೂರಲ್ಲೇ ಇದೆ.

ಈ ವಿಷಯ ಯೂನಿವರ್ಸಿಟಿಗಳ ಒಳಗೆ ಬರಕ್ಕೆ ಒಂದು ದೊಡ್ಡ ಕಾರಣ ಡೆನ್ಮಾರ್ಕಿನ ಎಸ್ತರ್ ಬೋಸರಪ್ ಅನ್ನೋ ಅರ್ಥಶಾಸ್ತ್ರಜ್ಞೆ 1970ರಲ್ಲಿ ಬರೆದ ಪುಸ್ತಕ. ಹೊಸ ಬೇಸಾಯ, ಹೊಸ ಯಂತ್ರ, ತರಬೇತಿ ಎಲ್ಲ ಗಂಡಸ್ರ ಕೈಗೆ ಹೋಗುತ್ತೆ, ಅಲ್ಲೀತನಕ ಹೊಲದಲ್ಲಿ ಸಮಕ್ಕೆ ದುಡೀತಿದ್ದ ಹೆಂಗಸ್ರು ಹಿಂದೆ ಬೀಳ್ತಾರೆ ಅಂತ ಅವರು ತೋರ್ಸಿಕೊಟ್ರು. 1975ರಲ್ಲಿ ಮೆಕ್ಸಿಕೋದಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ಆಯ್ತು, ಆಮೇಲೆ ಅಮೆರಿಕದ ಮಿಷಿಗನ್ ಸ್ಟೇಟ್, ಇಂಗ್ಲೆಂಡಿನ ಸಸೆಕ್ಸ್ ಇಂಥ ಕಡೆ ಇದಕ್ಕೇ ಅಂತ ಕಾರ್ಯಕ್ರಮಗಳು ಶುರುವಾದ್ವು. ಇಷ್ಟು ಕೇಳಿದ್ರೆ ಎಲ್ಲಾ ಅಲ್ಲಿಂದಲೇ ಬಂತು ಅನ್ಸುತ್ತೆ. ಆದ್ರೆ ನಮ್ಮ ಮೈಸೂರಲ್ಲಿ ಹುಟ್ಟಿದ ದೇವಕಿ ಜೈನ್ ಅವರು 70ರ ದಶಕದಲ್ಲೇ ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸ್ರು ಗಂಟೆ ಗಂಟೆಗೆ ಎಂತ ಮಾಡ್ತಾರೆ ಅಂತ ಅಧ್ಯಯನ ಮಾಡಿಸಿದ್ರು, ಜನಗಣತಿಯ ಲೆಕ್ಕದಲ್ಲಿ 'ದುಡಿಯದೇ ಇರೋರು' ಅಂತ ಕಾಣ್ತಿದ್ದೋರು ಎಷ್ಟು ದುಡೀತಾರೆ ಅಂತ ಅದರಿಂದ ಗೊತ್ತಾಯ್ತು. ಅಂದ್ರೆ ನಿಮಗೆ ಪಕ್ಕದೂರಲ್ಲಿ ಬಂದ ತೊಂದ್ರೆನೇ ಅವರಿಗೂ ಎದುರಾಗಿತ್ತು. ಆಮೇಲೆ 1984ರ ಆಗಸ್ಟಲ್ಲಿ ಬೆಂಗಳೂರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹೆಂಗಸ್ರು ಸೇರಿ, ಅಭಿವೃದ್ಧಿ ಅಂದ್ರೆ ಎಂತ ಅಂತ ಶ್ರೀಮಂತ ದೇಶದೋರು ಹೇಳೋದಲ್ಲ ನಾವೇ ಹೇಳ್ತೀವಿ ಅಂತ ಡಾನ್ ಅನ್ನೋ ಜಾಲ ಕಟ್ಟಿದ್ರು, ಮಾರನೇ ವರ್ಷ ನೈರೋಬಿ ಸಮ್ಮೇಳನದಲ್ಲಿ ಆ ಮಾತನ್ನ ಇಟ್ರು. ಇವತ್ತು ಯಾವ ದೇಶದ ಯೂನಿವರ್ಸಿಟೀಲಿ ಈ ಕೋರ್ಸ್ ಮಾಡಿದ್ರೂ ಡಾನ್ ಹೆಸರು ಬಾರದೇ ಇರಲ್ಲ. ನಿಮ್ಮ ಅಣ್ಣಂಗೆ ಇದನ್ನ ಹೇಳಿ.

ಹಾಗಂತ ಹಾರ್ವರ್ಡಿನ ಪಟ್ಟಿ ಸಾಕಾಗುತ್ತೆ ಅಂತ ನಾನು ಹೇಳಲ್ಲ. ಅದು ಯಾರು ಎಂತ ಮಾಡ್ತಾರೆ ಅಂತ ತೋರ್ಸುತ್ತೆ, ಒಬ್ಬರ ಮಾತು ನಡೆದು ಇನ್ನೊಬ್ಬರದ್ದು ಯಾಕೆ ನಡೆಯಲ್ಲ ಅನ್ನೋದನ್ನ ಅಷ್ಟು ತೋರ್ಸಲ್ಲ. ಅದಕ್ಕೇ ಸಸೆಕ್ಸಲ್ಲಿದ್ದ ನೈಲಾ ಕಬೀರ್ ಅನ್ನೋ ಅರ್ಥಶಾಸ್ತ್ರಜ್ಞೆ, ಮನೆ, ಸಮುದಾಯ, ಮಾರುಕಟ್ಟೆ, ಸರ್ಕಾರ ಈ ನಾಲ್ಕೂ ಕಡೆ ಸಂಬಂಧಗಳು ಹೆಂಗಿದಾವೆ ಅಂತ ನೋಡ್ಬೇಕು ಅಂದ್ರು. ನಿಮ್ಮ ಅಡಿಕೆಗೆ ಅದು ಸರಿಯಾಗಿ ಹೊಂದುತ್ತೆ. ಪಹಣಿ ಯಾರ ಹೆಸರಲ್ಲಿದೆ, ಮಂಡಿಗೆ ಯಾರು ಹೋಗ್ತಾರೆ, ಸೊಸೈಟಿ ಷೇರು ಯಾರ ಹೆಸರಲ್ಲಿದೆ, ಬೆಳೆಸಾಲ ಯಾರಿಗೆ ಸಿಗುತ್ತೆ, ಎಲ್ಲದಕ್ಕೂ ಮೂಲ ಆ ಪಹಣಿ ಕಾಗದ. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ತಿದ್ದುಪಡಿ ಬಂತು, ಇಡೀ ದೇಶಕ್ಕೆ ಬಂದಿದ್ದು 2005ರಲ್ಲಿ. ಆದ್ರೂ 2015-16ರ ಕೃಷಿ ಗಣತೀಲಿ ದೇಶದ ಹಿಡುವಳಿಗಳಲ್ಲಿ ಹೆಂಗಸ್ರು ನಡೆಸೋದು ನೂರಕ್ಕೆ 14ರ ಹತ್ರ. ಅಣ್ಣನ ಜೊತೆ ಸಂಬಂಧ ಕೆಡುತ್ತೆ ಅಂತ ತಂಗಿ 'ಹಕ್ಕು ಬಿಟ್ಟಿದೀನಿ' ಅಂತ ರುಜು ಹಾಕಿಕೊಡೋದನ್ನ ನಾವೆಲ್ಲ ನಮ್ಮ ನಮ್ಮ ಮನೇಲೇ ನೋಡಿದೀವಿ. ನಿಮ್ಮ ಮೂರನೇ ಪಟ್ಟೀಲಿ, ಅದೇ 'ಕಾರಣ ಎಂತ' ಅನ್ನೋದ್ರಲ್ಲಿ, ಇದು ಬರಲೇಬೇಕು.

---

ಹೊಸನಗರ ತೋಟ:

ನಂದೂ ಒಂದು ಮಾತು. ನಾನು ಮೂರೆಕ್ರೆ ತೋಟದ ಗಂಡಸು. ನಮ್ಮನೇಲಿ ದುಡ್ಡಿನ ಬೀಗದ ಕೈ ಹೆಂಡ್ತಿ ಹತ್ರನೇ ಇರದು, ನಾನು ಪೇಟೆಗೆ ಹೋಗ್ಬೇಕಾದ್ರೂ ಅವಳನ್ನ ಕೇಳೇ ತಗೊಂಡು ಹೋಗದು. ಗಂಡಸ್ರು ಮಾತ್ರ ಯಜಮಾನಿಕೆ ಮಾಡ್ತಾರೆ ಅನ್ನೋಹಂಗೆ ಬರೆದ್ರೆ ಬೇಜಾರಾಗ್ತದೆ. ಎಲೆಚುಕ್ಕಿ ರೋಗ ಬಂದು ತೋಟ ಹೋಗ್ತಾ ಇದೆ, ಮಳೇಲಿ ಮರ ಹತ್ತಿ ಬೋರ್ಡೋ ಔಷಧಿ ಹೊಡಿಯೋನು, ಅಡಿಕೆ ಗೊನೆ ತೆಗೆಯಕ್ಕೆ ಹತ್ತೋ ಕೊನೆಗೌಡ, ಇವರೆಲ್ಲ ಗಂಡಸ್ರೇ, ಜಾರಿ ಬಿದ್ದು ಸೊಂಟ ಮುರ್ಕೊಂಡೋರು ನಮ್ಮೂರಲ್ಲೇ ಇದಾರೆ. ಅದೂ ಬರೀಬೇಕಲ್ಲ?

ಇನ್ನು ಸುಲಿಯದು, ಈಗ ಜನನೇ ಸಿಗಲ್ಲ, ನಮ್ಮ ಕಡೆ ಬಹಳ ಮನೇಲಿ ಮಷೀನಿಗೆ ಕೊಡ್ತಾರೆ. ಮಷೀನಿಂದ ಹೆಂಗಸ್ರಿಗೆ ಆರಾಮ ಆಯ್ತು ಅಂತ ನಾನು ತಿಳ್ಕೊಂಡಿದೀನಿ, ತಪ್ಪಿದ್ರೆ ಹೇಳಿ.

---

ಸಾಗರದ ಕಡೆಯವಳು:

ಅಣ್ಣ, ಖಂಡಿತ ಬರೀಬೇಕು, ಕೊನೆಗೌಡ್ರ ಅಪಾಯ ಬಿಟ್ರೆ ಪಟ್ಟಿ ಅರ್ಧನೇ. ಜೆಂಡರ್ ಅಂದ್ರೆ ಹೆಂಗಸ್ರ ವಿಷಯ ಮಾತ್ರ ಅಲ್ಲ ಅಂತ ನಮಗೆ ಮೊದಲ ವಾರದಲ್ಲೇ ಹೇಳಿದ್ರು. ಮರ ಹತ್ತದು ಗಂಡಸ್ರೇ ಯಾಕೆ, ಬಿದ್ರೆ ಮನೆ ಹೆಂಗೆ ನಡೀತದೆ, ಅದೂ ಇದರೊಳಗೇ ಬರುತ್ತೆ.

ಬೀಗದ ಕೈ ವಿಷಯ ನೀವು ಹೇಳಿದ್ದು ಒಳ್ಳೇದಾಯ್ತು. ಒಂದೇ ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಅತ್ತಿಗೆ ನಿಮ್ಮನ್ನ ಕೇಳದೇ ಆ ಬೀರುವಿಂದ ಎಷ್ಟು ತನಕ ಖರ್ಚು ಮಾಡಬಹುದು? ಅಡಿಕೆ ಈಗ ಮಾರೋದಾ, ರೇಟು ಏರೋ ತನಕ ಇಟ್ಕೊಳ್ಳೋದಾ ಅಂತ ಕೊನೆ ಮಾತು ಯಾರದು?

---

ಹೊಸನಗರ ತೋಟ:

ಹೆಂಡ್ತಿ ಪಕ್ಕದಲ್ಲೇ ಇದಾಳೆ, ಓದಿ ಹೇಳ್ದೆ. ದಿನಸಿ, ಮಕ್ಕಳ ಫೀಸು, ಔಷಧಿ ಇದಕ್ಕೆ ಕೇಳಲ್ಲ ಅಂದ್ಲು. ಅವಳ ತವರಿಗೆ ಎಂತಾದ್ರೂ ಕೊಡ್ಬೇಕಾದ್ರೆ ಕೇಳ್ತೀನಿ ಅಂದ್ಲು. ಅಡಿಕೆ ಮಾರದು ನಾನೇ. ಇದನ್ನ ನಾನು ಇಷ್ಟು ದಿನ ಹಿಂಗೆ ಯೋಚ್ನೆ ಮಾಡಿರ್ಲಿಲ್ಲ.

---

ತೀರ್ಥಹಳ್ಳಿ ಅಕ್ಕ:

ಅಣ್ಣ, ಅತ್ತಿಗೆನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿದ್ರಲ್ಲ, ದೊಡ್ಡ ವಿಷಯ. ಸಂಘದ ಸಾಲದಲ್ಲೂ ಇದನ್ನೇ ನೋಡ್ತೀವಿ, ಸಾಲ ಅವಳ ಹೆಸರಿಗೆ, ಕಂತು ಕಟ್ಟೋ ಚಿಂತೆ ಅವಳಿಗೆ, ಆ ದುಡ್ಡಲ್ಲಿ ತಗೊಂಡ ಬೈಕಿನ ಆರ್‌ಸಿ ಗಂಡನ ಹೆಸರಿಗೆ.

ಮಷೀನಿನ ಬಗ್ಗೆ ಹೇಳ್ತೀನಿ. ಸ್ವಂತ ತೋಟ ಇರೋ ಮನೆ ಹೆಂಗಸ್ರಿಗೆ ಆರಾಮ ಆಗಿದೆ, ಸುಳ್ಳಲ್ಲ, ಸುಗ್ಗೀಲಿ ನಿದ್ದೆ ಸಿಗ್ತದೆ. ಆದ್ರೆ ಕೂಲಿಗೆ ಸುಲಿಯಕ್ಕೆ ಬರ್ತಿದ್ದೋರು ಬೇರೆ, ತೋಟ ಇಲ್ಲದೋರು, ಕೇಜಿ ಲೆಕ್ಕದಲ್ಲಿ ಸುಲಿದು ಆ ಮೂರು ನಾಲ್ಕು ತಿಂಗಳ ದುಡ್ಡಲ್ಲೇ ಮಕ್ಕಳ ಬಟ್ಟೆ, ಸಂಘದ ಕಂತು ಎಲ್ಲ ನೋಡ್ಕೊಳ್ತಿದ್ದೋರು. ಮಷೀನ್ ಇಟ್ಟಿರೋ ಮನೆಗಳಲ್ಲಿ ನಾನು ನೋಡಿದಂಗೆ ನಡೆಸೋನು ಗಂಡಸು, ಬಾಡಿಗೆ ಅವನಿಗೆ, ಹೆಂಗಸ್ರಿಗೆ ಉಳಿಯದು ಮಷೀನಲ್ಲಿ ಸರಿಯಾಗಿ ಸುಲೀದೇ ಇರೋದನ್ನ ಆರಿಸಿ ಕೂತ್ಕೊಂಡು ಬಿಡಿಸೋ ಕೆಲಸ. ಮೇಷ್ಟ್ರು ಹೇಳಿದ 1970ರ ಪುಸ್ತಕದ ಮಾತು ನಮ್ಮೂರ ಅಂಗಳದಲ್ಲೇ ನಡೀತಾ ಇದೆ. ಮಷೀನ್ ಬೇಡ ಅಂತಲ್ಲ, ಮಷೀನು ಆ ಹೆಂಗಸ್ರ ಸಂಘದ ಕೈಗೆ ಯಾಕೆ ಬರಬಾರದು ಅನ್ನದು ನನ್ನ ಮಾತು. ಹಂಗಾಗಿ ತಂಗೀ, 'ಹೆಂಗಸ್ರು' ಅಂತ ಒಂದೇ ಖಾನೆ ಮಾಡಬೇಡ, ತೋಟ ಇರೋ ಮನೆ ಹೆಂಗಸ್ರು, ಕೂಲಿ ಹೆಂಗಸ್ರು ಅಂತ ಎರಡು ಮಾಡು. ಒಬ್ಬರಿಗೆ ಒಳ್ಳೇದಾಗಿದ್ದು ಇನ್ನೊಬ್ಬರ ಊಟ ಕಸಿದಿರ್ತದೆ.

---

ಗುಡ್ಡದ ಮೇಷ್ಟ್ರು:

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅಮೆರಿಕದ ಕಾರ್ನೆಲ್ ಮತ್ತೆ ಉಗಾಂಡದ ಮಕೆರೆರೆ ಯೂನಿವರ್ಸಿಟಿ ಸೇರಿ 2016ರಿಂದ ಕೃಷಿ ಸಂಶೋಧಕರಿಗೆ ಗ್ರೇಟ್ ಅನ್ನೋ ಜೆಂಡರ್ ತರಬೇತಿ ನಡೆಸಿದಾವೆ. ಬೆಳೆ ವಿಜ್ಞಾನಿ ಒಬ್ಬರು, ಸಮಾಜ ವಿಜ್ಞಾನಿ ಒಬ್ಬರು ಜೊತೆಯಾಗಿ ಬರ್ಬೇಕು, ಪಾಠ ಕೇಳಿ ಊರಿಗೆ ಹೋಗಿ ತಮ್ಮದೇ ಯೋಜನೇಲಿ ಅದನ್ನ ಮಾಡಿ ನೋಡ್ಬೇಕು. ಮೊದ್ಲು ತಗೊಂಡಿದ್ದು ಗೆಡ್ಡೆಗೆಣಸು, ಬಾಳೆ. ಅಲ್ಲಿ ಮರಗೆಣಸಿನ ಹೊಸ ತಳಿ ಮಾಡೋರು ಇಳುವರಿ, ರೋಗ ಇಷ್ಟೇ ನೋಡ್ತಿದ್ರು, ಆದ್ರೆ ಅದನ್ನ ಸುಲಿದು, ತುರಿದು, ಹುರಿದು ಮಾರೋ ಹೆಂಗಸ್ರಿಗೆ ಸಿಪ್ಪೆ ಸಲೀಸಾಗಿ ಬರುತ್ತಾ, ಹಿಟ್ಟು ಚೆನ್ನಾಗಾಗುತ್ತಾ ಅನ್ನೋದು ಮುಖ್ಯ. ಅವರನ್ನ ಕೇಳದೇ ಮಾಡಿದ ತಳಿ ಊರಲ್ಲಿ ನಿಲ್ಲಲ್ಲ. ನೀವು ಅಗ್ರಿ ಓದಿದೋರು, ನಿಮಗೆ ಇದು ಬೇಗ ಹಿಡಿಸುತ್ತೆ. ಶಿವಮೊಗ್ಗ ಜಿಲ್ಲೇಲೇ ಕೃಷಿ ತೋಟಗಾರಿಕೆ ಯೂನಿವರ್ಸಿಟಿ ಇದೆ, ಕುವೆಂಪು ಯೂನಿವರ್ಸಿಟಿ ಶಂಕರಘಟ್ಟದಲ್ಲಿದೆ, ಇಲ್ಲೂ ಹಿಂಗೆ ಜೊತೆ ಜೊತೆಯಾಗಿ ಮಾಡೋ ದಿನ ಬರ್ಬೇಕು ಅಂತ ನನ್ನ ಆಸೆ.

---

ಸೊಪ್ಪಿನಬೆಟ್ಟ:

ನಂಗೀಗ ಅರವತ್ತು ದಾಟಿದೆ, ಬರೆಯಕ್ಕೆ ಮೊಮ್ಮಗಳು ಸಹಾಯ ಮಾಡ್ತಿದಾಳೆ. 90ರ ದಶಕದಲ್ಲಿ ಇಂಗ್ಲೆಂಡ್ ಸರ್ಕಾರದ ದುಡ್ಡಲ್ಲಿ ಪಶ್ಚಿಮಘಟ್ಟದ ಅರಣ್ಯ ಯೋಜನೆ ಅಂತ ಬಂತು, ಮೊದ್ಲು ಉತ್ತರ ಕನ್ನಡ, ಆಮೇಲೆ ನಮ್ಮ ಶಿವಮೊಗ್ಗ ಕಡೆ. ಊರೂರಿಗೆ ಗ್ರಾಮ ಅರಣ್ಯ ಸಮಿತಿ ಮಾಡಿದ್ರು. ನಾನೂ ಒಂದು ಸಮಿತಿ ಸದಸ್ಯೆ ಆಗಿದ್ದೆ, ಹೆಸರಿಗೆ. ಸಭೆ ಇಡ್ತಿದ್ದಿದ್ದು ಸಂಜೆ ಹಾಲು ಕರೆಯೋ ಹೊತ್ತಿಗೆ. ಹೋದ್ರೂ ಹಿಂದೆ ಗೋಡೆ ಹತ್ರ ಕೂರದು, ಕಾಗದದ ಮೇಲೆ ರುಜು ಹಾಕಿ ಬರದು. ಯಾವ ಗಿಡ ನೆಡದು ಅಂತ ನಮ್ಮನ್ನ ಯಾರೂ ಕೇಳ್ಲಿಲ್ಲ. ನಮ್ಮೂರ ಗುಡ್ಡಕ್ಕೆ ಅಕೇಶಿಯಾ ಬಂತು. ಅದರ ಸೊಪ್ಪು ದನ ಮೂಸಲ್ಲ, ಕೊಟ್ಟಿಗೆಗೆ ಹಾಸಿದ್ರೆ ಗೊಬ್ಬರ ಆಗಕ್ಕೆ ಕಾಲ ಹಿಡೀತದೆ. ಸೊಪ್ಪು, ದರಗು (ಒಣಗಿದ ಎಲೆ), ಸೌದೆ ತರೋಳು ನಾನು, ಅದಕ್ಕೆ ಇನ್ನೊಂದು ಗುಡ್ಡ ಹತ್ತಬೇಕಾಯ್ತು. ಕೇಳಿದ್ರೆ ನೆಲ್ಲಿ, ಹಲಸು, ಮತ್ತಿ ಅಂತಿದ್ದೆ.

ಬೀನಾ ಅಗರ್ವಾಲ್ ಅನ್ನೋ ಅರ್ಥಶಾಸ್ತ್ರಜ್ಞೆ ಇಂಥ ಸಮಿತಿಗಳನ್ನ ನೋಡಿ, ಸೇರಿಸ್ಕೊಂಡಂಗೆ ಮಾಡಿ ಹೊರಗಿಡದು ಅಂತ ಬರೆದಿದಾರಂತೆ, ಮೊಮ್ಮಗಳು ಓದಿ ಹೇಳಿದ್ಲು. ನಂಗೆ ಆಗ ಅನ್ಸಿದ್ದೇ ಅದು, ಹೇಳಕ್ಕೆ ಮಾತು ಇರ್ಲಿಲ್ಲ. ಹಂಗಾಗಿ ಮಗಾ, ನಿನ್ನ ಓದು ಬೇಕಾದ್ದೇ. ಸಭೆ ಎಷ್ಟು ಹೊತ್ತಿಗೆ ಇಡ್ತಾರೆ ಅನ್ನದನ್ನೂ ನಿನ್ನ ಪಟ್ಟೀಲಿ ಬರೀ.

---

ಭದ್ರಾವತಿ ಹುಡುಗ:

ಒಂದು ಡೌಟು, ಈ ಕೋರ್ಸ್ ಮಾಡಿದ್ರೆ ಕೆಲಸ ಸಿಗುತ್ತಾ? ನಮ್ಮ ತಂಗಿ ಎಂಎಸ್‌ಡಬ್ಲ್ಯೂ ಮುಗಿಸಿ ಕೇಳ್ತಿದಾಳೆ.

---

ಗುಡ್ಡದ ಮೇಷ್ಟ್ರು:

ಮೊದಲಿನಷ್ಟು ಸುಲಭ ಇಲ್ಲ. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈಯಿಂದ ನಿಂತೇ ಹೋಗಿದೆ, ಅದರ ದುಡ್ಡಲ್ಲಿ ನಡೀತಿದ್ದ ಬಹಳ ಕೆಲಸ ಹೋದ್ವು. ಸಾಲ ಮಾಡಿ ಹೊರಗೆ ಹೋಗೋದಾದ್ರೆ ಎರಡು ಸಲ ಯೋಚ್ನೆ ಮಾಡ್ಲಿ. ಇಂಗ್ಲೆಂಡ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಶಿಪ್ಪಿಗೆ 2800 ಗಂಟೆ ಕೆಲಸದ ಅನುಭವ ಬೇಕು, ಅಂದ್ರೆ ಸುಮಾರು ಎರಡು ವರ್ಷ, ಮೊದ್ಲು ಇಲ್ಲೇ ಎಲ್ಲಾದ್ರೂ ಫೀಲ್ಡಲ್ಲಿ ಕೆಲಸ ಮಾಡೋದು ಒಳ್ಳೇದು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ಯೂನಿವರ್ಸಿಟೀಲಿ ಮಹಿಳಾ ಅಧ್ಯಯನ ಇದೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟೀಲಿ ಡೆವಲಪ್‌ಮೆಂಟ್ ಎಂಎ ಇದೆ, ಅವನ್ನೂ ನೋಡ್ಲಿ.

---

ಸಾಗರದ ಕಡೆಯವಳು:

ನಿನ್ನೆ ಮತ್ತೆ ಹೋಗಿದ್ದೆ, ಅದೇ ಕಪ್ಪು ಬೆರಳಿನ ಅಕ್ಕನ ಮನೆಗೆ. ಈ ಸಲ ಕೆಲಸ ಅಂತ ಬಾಯೇ ಬಿಡಲಿಲ್ಲ. ನಿನ್ನೆ ಎದ್ದಾಗ ಕತ್ಲಿತ್ತಾ ಅಕ್ಕ ಅಂದೆ ಅಷ್ಟೇ. ಮುಕ್ಕಾಲು ಗಂಟೆ ಹೇಳಿದ್ರು. ಕೊಟ್ಟಿಗೆ, ಹಾಲು, ತಿಂಡಿ, ಆಳಿನೋರಿಗೆ ಕಾಫಿ, ಕೊನೆಯಿಂದ ಅಡಿಕೆ ಬಿಡಿಸದು, ಬೇಯಿಸೋ ಹಂಡೆಗೆ ನೀರು, ಚೊಗರು (ಅಡಿಕೆ ಬೇಯಿಸೋ ಕೆಂಪು ರಸ) ನೋಡದು, ಬೆಂದಿದ್ದನ್ನ ಅಂಗಳಕ್ಕೆ ಹರಡದು, ಮೋಡ ಬಂತು ಅಂತ ಮತ್ತೆ ಎತ್ತದು, ರಾತ್ರಿ ಊಟ ಆದ್ಮೇಲೆ ಸುಲಿಯದು. ನಾನು ಬರ್ಕೊಂಡಿದ್ದನ್ನ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು 'ಇಷ್ಟೆಲ್ಲ ಒಂದೇ ದಿನ ಮಾಡಿದ್ನಾ' ಅಂದ್ರು. ಅವರ ಗಂಡ ಬಾಗಿಲ ಹತ್ರ ನಿಂತು ಕೇಳ್ತಾ ಇದ್ರು, ಈ ಸಲ ನಡುವೆ ಮಾತಾಡಲಿಲ್ಲ, ಕೊನೇಲಿ 'ಚೊಗರು ನಾನು ನೋಡ್ತೀನಿ, ಅದನ್ನ ನನ್ ಹೆಸರಿಗೆ ಬರ್ಕೊ' ಅಂದ್ರು, ಅಕ್ಕನೂ ಹೌದು ಅಂದ್ರು, ತಿದ್ದಿಕೊಂಡೆ.

ಪಟ್ಟಿ ಪೂರ್ತಿ ಬದಲಾಯ್ತು. ಕೂಲಿಗೆ ಸುಲಿಯೋರನ್ನ ಇನ್ನೂ ಕೇಳಿಲ್ಲ, ಅಕ್ಕ ಹೇಳಿದಂಗೆ ಅವರಿಗೆ ಬೇರೆ ಖಾನೆ ಮಾಡಿದೀನಿ. ಅಸೈನ್‌ಮೆಂಟಿಗೆ ಇನ್ನೂ ಹತ್ತು ದಿನ ಇದೆ. ಅವರು ಸಿಗದು ರಾತ್ರಿನೇ, ಹಗಲು ಬೇರೆ ಕೂಲಿಗೆ ಹೋಗಿರ್ತಾರೆ. ಅಷ್ಟು ಹೊತ್ತಲ್ಲಿ ಹೋಗಿ ಪ್ರಶ್ನೆ ಕೇಳ್ತಾ ಕೂತ್ರೆ ಅವರ ಕೂಲಿ ಕಡಿಮೆ ಆಗಲ್ವಾ, ಕೇಜಿ ಲೆಕ್ಕ ಅಲ್ವಾ?

---

ತೀರ್ಥಹಳ್ಳಿ ಅಕ್ಕ:

ಆಗ್ತದೆ. ಅದಕ್ಕೆ ನೀನೂ ಒಂದು ಮೆಟ್ಟುಗತ್ತಿ ತಗೊಂಡು ಅವರ ಪಕ್ಕ ಕೂತ್ಕೊ, ಪುಸ್ತಕ ಪೆನ್ನು ಚೀಲದಲ್ಲೇ ಇರ್ಲಿ, ನೀನು ಸುಲಿದಿದ್ದನ್ನ ಅವರ ಬುಟ್ಟಿಗೇ ಹಾಕು. ಮಾತು ತಾನಾಗೇ ಬರ್ತದೆ, ಮನೆಗೆ ಬಂದು ಬರ್ಕೊ. ಹೆಬ್ಬೆರಳಿಗೆ ಬಟ್ಟೆ ಸುತ್ಕೊಳದು ಮರೀಬೇಡ, ಅಭ್ಯಾಸ ತಪ್ಪಿರ್ತದೆ ನಿಂಗೆ.